ಸೂಲಗಿತ್ತಿ ಪಾನ್ಯಾಂಗ್ ಮತ್ತು ಹೆರಲಾರದ ನಾಯಿ

ಐದು ವರ್ಷಗಳಿಂದ ನನ್ನೊಡನೆ ಮಾತು ಬಿಟ್ಟಿದ್ದ ಮನಾಂಗ್ ಪಾನ್ಯಾಂಗ್, ಜನವರಿಯ ಒಂದು ಬೆಳಿಗ್ಗೆ, ಬಟ್ಟೆ ಒಗೆಯುವ ಬೋಗುಣಿಯಲ್ಲಿ ಒಂದು ನಾಯಿಯನ್ನು ಮಲಗಿಸಿಕೊಂಡು ಆರೋಗ್ಯ ಕೇಂದ್ರದ ಮೆಟ್ಟಿಲು ಹತ್ತಿ ಬಂದಳು. ನಾನು ಮಕ್ಕಳ ಚುಚ್ಚುಮದ್ದಿನ ಪಟ್ಟಿ ಬರೆಯುತ್ತ ಕೂತಿದ್ದೆ. ಬಾಗಿಲಿಗೆ ನೆರಳು ಬಿದ್ದದ್ದು ಕಂಡು ತಲೆ ಎತ್ತಿದೆ.

"ಇಂದಾಯ್ ಡೆಲ್ಫಾ," ಎಂದಳು. ನಮ್ಮ ಕಡೆ ಚಿಕ್ಕವರನ್ನು ಪ್ರೀತಿಯಿಂದ ಕರೆಯುವುದು ಹಾಗೆ; ಹಿರಿಯ ಹೆಂಗಸರನ್ನು ಮನಾಂಗ್ ಎನ್ನುತ್ತೇವೆ. ಅವಳ ದನಿಯಲ್ಲಿ ಪ್ರೀತಿಯೇನೂ ಇರಲಿಲ್ಲ. "ಆ ಸೂಜಿ ತೆಗಿ. ನೀವು ಹೆರಿಗೆಗೆ ಹಾಕ್ತೀರಲ್ಲ, ಅದು. ನಿನ್ನೆ ಸಂಜೆಯಿಂದ ತಿಣುಕ್ತಾ ಇದೆ. ಒಂದೂ ಹೊರಗೆ ಬಂದಿಲ್ಲ."

ಬೋಗುಣಿಯಲ್ಲಿದ್ದದ್ದು ಕಂದು ಬಣ್ಣದ ಬಡಕಲು ಹೆಣ್ಣುನಾಯಿ. ಮೈಯೆಲ್ಲ ಎಲುಬು, ಹೊಟ್ಟೆ ಮಾತ್ರ ಮದ್ದಳೆಯ ಹಾಗೆ ಬಿಗಿದುಕೊಂಡಿತ್ತು. ಕೆಳಗೆ ಹಾಸಿದ್ದ ಹಳೆಯ ಲಂಗದ ಮೇಲೆ ಹಸಿರುಗಪ್ಪು ನೀರು ಹರಡಿತ್ತು. ನೋವು ಬಂದಾಗ ಅದು ಕೂಗುತ್ತಿರಲಿಲ್ಲ. ಕಾಲುಗಳನ್ನು ಸೆಟೆಸಿ, ಬೋಗುಣಿಯ ಅಂಚಿಗೆ ಗದ್ದವೂರಿ, ಕಣ್ಣು ಮುಚ್ಚುತ್ತಿತ್ತು.

ಲಾಂಗೂಬ್ ಎನ್ನುವ ನಮ್ಮ ಈ ದ್ವೀಪದಲ್ಲಿ ಇನ್ನೂರು ಚಿಲ್ಲರೆ ಮನೆಗಳಿವೆ. ಇಲ್ಲಿ ಪ್ರಾಯಕ್ಕೆ ಬಂದವರು ಯಾರನ್ನೇ ಕೇಳಿ, ಅವರು ಭೂಮಿಗೆ ಬಿದ್ದದ್ದು ಎಪಿಫಾನಿಯಾ ಗಲ್ಲೆಗೋ ಎಂಬ ಈ ಪಾನ್ಯಾಂಗಳ ಕೈಯಲ್ಲಿ. ಅರವತ್ತೆಂಟು ವಯಸ್ಸು. ಕುಳ್ಳಗೆ, ಒಣಮೀನಿನ ಹಾಗೆ ಇದ್ದಾಳೆ. ಅಂಗೈ ಮಾತ್ರ ಹತ್ತು ವರ್ಷದ ಹುಡುಗಿಯದರಷ್ಟು ಸಣ್ಣದು. ಆ ಅಂಗೈಯಿಂದಲೇ ಆಕೆ ಹೊಟ್ಟೆಯ ಮೇಲಿನಿಂದ ಎಣ್ಣೆ ಹಚ್ಚಿ, ಅಡ್ಡ ಮಲಗಿದ ಕೂಸುಗಳನ್ನು ನೆಟ್ಟಗೆ ಮಾಡುತ್ತಿದ್ದಳು. ಗಂಡ ಕಬ್ಬು ಕಡಿಯಲು ಪಕ್ಕದ ದ್ವೀಪವಾದ ನೇಗ್ರೋಸ್‌ಗೆ ಹೋದವನು ಅಲ್ಲೇ ಇನ್ನೊಂದು ಸಂಸಾರ ಹೂಡಿದ. "ಬಿಡು, ಅವನನ್ನ ಹೆರಿಸಿದ್ದು ನಾನಲ್ಲ" ಎಂದು ಆ ಕಥೆ ಮುಗಿಸುತ್ತಿದ್ದಳು.

ನಾನು ಸರ್ಕಾರ ಕಳಿಸಿದ ಹೆರಿಗೆ ದಾದಿ. ಬಂದು ಹನ್ನೊಂದು ವರ್ಷವಾಯಿತು. ಮೊದಲ ಆರು ವರ್ಷ ನಾವಿಬ್ಬರೂ ಹೊಂದಿಕೊಂಡೇ ಇದ್ದೆವು. ನಾನು ರಕ್ತದೊತ್ತಡ ನೋಡುತ್ತಿದ್ದೆ, ಆಕೆ ಸೊಂಟ ನೀವುತ್ತಿದ್ದಳು. ಆಮೇಲೆ ಮನೆಯಲ್ಲಿ ಯಾರೂ ಹೆರಬಾರದು, ಹೆರಿಸಿದವರಿಗೂ ದಂಡ ಎಂಬ ಕಟ್ಟಳೆ ಬಂತು. ಆ ಕಾಗದವನ್ನು ಆಕೆಯ ಮನೆಗೆ ಒಯ್ದವಳು ನಾನೇ. ಓದು ಬಾರದ ಆಕೆಗೆ ಅದನ್ನು ಓದಿ ಹೇಳಿದವಳೂ ನಾನೇ. ಪೂರ್ತಿ ಕೇಳಿ, "ಆಯ್ತಾ? ಹೋಗು" ಅಂದಳು. ಅಂದಿನಿಂದ ಇಗರ್ಜಿಯಲ್ಲಿ ನಾನು ಈ ಸಾಲಿನಲ್ಲಿ ಕೂತರೆ ಆಕೆ ಆ ಸಾಲಿನಲ್ಲಿ. ನೀಪಾ ತಾಳೆಯ ಗರಿ ಹೆಣೆದು ಮಾಡಿಗೆ ಹೊದಿಸಲು ಮಾರುತ್ತ, ಇಳಿತದ ಹೊತ್ತಿನಲ್ಲಿ ಚಿಪ್ಪು ಹೆಕ್ಕುತ್ತ ದಿನ ತೆಗೆಯುತ್ತಿದ್ದಳು.

ನಾಯಿ ಕಂಡರೆ ಅವಳಿಗೆ ಆಗುತ್ತಿರಲಿಲ್ಲ. ಮೀನು ಒಣಗಿಸುವ ಚಪ್ಪರದ ಪಕ್ಕ ಯಾವಾಗಲೂ ಒಂದು ಕೋಲು ಇರುತ್ತಿತ್ತು.

"ಎಲ್ಲಿಂದ ಬಂತು ಇದು?" ಕೇಳಿದೆ.

ಮೊನ್ನೆ ಮಧ್ಯಾಹ್ನ ಕಾಂಡ್ಲಾ ಗಿಡಗಳ ಕೊನೆಯಲ್ಲಿ ಚಿಪ್ಪು ಹೆಕ್ಕುತ್ತಿದ್ದಾಗ ಕಂಡದ್ದಂತೆ. ಮೀನಿನ ಬಲೆ ಕಟ್ಟುವ ಗೂಟಕ್ಕೆ ಯಾರೋ ನೈಲಾನ್ ಹಗ್ಗದಿಂದ ಕತ್ತು ಬಿಗಿದು ಕಟ್ಟಿ ಹೋಗಿದ್ದರು. ಭರತ ಏರುತ್ತಿತ್ತು, ನೀರು ನಾಯಿಯ ಎದೆಯವರೆಗೆ ಬಂದಿತ್ತು. ದ್ವೀಪದ ನಾಯಿಯಲ್ಲ, ಹೊರಗಿನ ದೋಣಿಯವರು ಯಾರೋ ಬಸುರಿ ನಾಯಿಯ ಕಾಟ ಬೇಡವೆಂದು ಹಾಗೆ ಮಾಡಿರಬೇಕು.

"ನಾನು ಮುಂದಕ್ಕೆ ಹೋಗಿದ್ದೆ," ಎಂದಳು ಪಾನ್ಯಾಂಗ್. "ಸುಳ್ಳು ಯಾಕೆ ಹೇಳ್ಲಿ. ಅದು ಬೊಗಳಿದ್ದಿದ್ರೆ ಹೋಗೇಬಿಡ್ತಿದ್ದೆ. ಸುಮ್ನೆ ನೋಡ್ತಾ ನಿಂತಿತ್ತು. ಆಮೇಲೆ ಒಂದು ಅಲೆ ಬಂದು ಮೈ ಎತ್ತಿದಾಗ ಹೊಟ್ಟೆ ಕಾಣಿಸ್ತು."

ತೊಡೆಮಟ್ಟ ಏರಿದ್ದ ನೀರಿನಲ್ಲಿ ವಾಪಸು ಹೋಗಿ, ಚಿಪ್ಪು ಬಿಡಿಸುವ ಚಾಕುವಿನಿಂದ ಹಗ್ಗ ಕೊಯ್ದು, ಹೆಗಲ ಮೇಲೆ ಹೊತ್ತು ತಂದಿದ್ದಳು. ಒಂದು ದಿನ ಗಂಜಿ ಕುಡಿದು ಮಲಗಿದ್ದ ನಾಯಿಗೆ ನಿನ್ನೆ ಸಂಜೆ ನೋವು ಶುರುವಾಗಿತ್ತು.

"ಕೈ ಹಾಕಿ ನೋಡಿದ್ರಾ?"

"ಬೆರಳು ಹಾಕ್ದೆ. ಬೆನ್ನು ಸಿಗ್ತಿದೆ. ತಲೆನೂ ಇಲ್ಲ, ಕಾಲೂ ಇಲ್ಲ. ಮೇಲಿನಿಂದ ತಿರುಗಿಸೋಕೆ ನೋಡ್ದೆ, ಹೆಂಗಸರ ಹಾಗಲ್ಲ ಇದು. ಒಳಗೆ ಎಷ್ಟಿದಾವೋ, ಒಂದನ್ನ ಒತ್ತಿದ್ರೆ ಇನ್ನೊಂದು ಬರುತ್ತೆ. ಸೂಜಿ ಹಾಕು, ನೋವು ಜೋರಾದ್ರೆ ತಳ್ಳುತ್ತೆ."

"ಮನಾಂಗ್, ಅಡ್ಡ ಸಿಕ್ಕಿಕೊಂಡಿದ್ರೆ ಆ ಸೂಜಿ ಹಾಕಬಾರದು. ಗರ್ಭಕೋಶ ಹರಿದುಹೋಗುತ್ತೆ. ಅರ್ಧ ಗಂಟೆಲಿ ಸಾಯುತ್ತೆ."

"ನಿನ್ನ ಕಾಗದದಲ್ಲಿ ನಾಯಿದೂ ಬರೆದಿದ್ಯಾ?"

"ಕಾಗದದ ಮಾತಲ್ಲ ಇದು..."

"ಗೊತ್ತು ಬಿಡು. ಔಷಧಿ ಲೆಕ್ಕ ಕೊಡಬೇಕು ನಿಂಗೆ." ಬೋಗುಣಿಯನ್ನು ಮತ್ತೆ ಎತ್ತಿಕೊಳ್ಳಲು ಬಾಗಿದಳು. ಎತ್ತಲಾಗದೆ ಅಲ್ಲೇ ಕುಕ್ಕರುಗಾಲಲ್ಲಿ ಕೂತಳು. ನಿದ್ದೆಯಿಲ್ಲದ ಕಣ್ಣು ಕೆಂಪಾಗಿದ್ದವು. "ಹಾಗಾದ್ರೆ ಏನು ಮಾಡ್ಬೇಕು ಹೇಳು. ಓದಿದವಳಲ್ವಾ ನೀನು? ಹೇಳು."

ಹೊಟ್ಟೆ ಕೊಯ್ಯದೆ ಬೇರೆ ದಾರಿ ಇಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ದ್ವೀಪದಲ್ಲಿ ಮನುಷ್ಯರ ಡಾಕ್ಟರೇ ಇಲ್ಲ, ಪ್ರಾಣಿಗಳ ಡಾಕ್ಟರ್ ಎಲ್ಲಿಂದ ಬರಬೇಕು. ಪನಾಯ್ ದಡದ ಪಟ್ಟಣಕ್ಕೆ ಫೋನ್ ಮಾಡಿದೆ. ಜಾನುವಾರು ಇಲಾಖೆಯ ನೌಕರ ಎಲ್ಲೋ ಹಂದಿಗಳ ನಡುವೆ ನಿಂತು ಮಾತಾಡುತ್ತಿದ್ದ. ಅವುಗಳ ಗಲಾಟೆಯಲ್ಲಿ ಅರ್ಧ ಮಾತು ಕೇಳಲಿಲ್ಲ. ತಾನು ಹಂದಿಗೆ, ಎಮ್ಮೆಗೆ ಸೂಜಿ ಹಾಕುವವನು, ಕೊಯ್ಯುವವನಲ್ಲ ಎಂದ. ಇಲಾಖೆಯ ಡಾಕ್ಟರ್ ತರಬೇತಿಗೆ ಹೋಗಿದ್ದಾರೆ, ಬರುವುದು ಶುಕ್ರವಾರ ಎಂದ. ಅಂದು ಮಂಗಳವಾರ.

"ಇಲೊಇಲೊ ನಗರಕ್ಕೆ ಹೋಗಿ, ಅಲ್ಲಿ ನಾಯಿ ಆಸ್ಪತ್ರೆಗಳಿವೆ," ಎಂದ. ದೋಣಿ, ಆಮೇಲೆ ಮೂರು ಗಂಟೆ ಬಸ್ಸು. ನಾನು ನಾಯಿಯ ಒಸಡು ಒತ್ತಿ ನೋಡಿದೆ. ಬೆಳ್ಳಗಿತ್ತು. ಅಷ್ಟು ಹೊತ್ತು ಅದು ತಡೆಯುವ ಹಾಗಿರಲಿಲ್ಲ.

"ಮೊದಲು ಪಟ್ಟಣಕ್ಕೆ ಹೋಗೋಣ," ಎಂದೆ. "ಅಲ್ಲಿ ಯಾರಾದರೂ ಸಿಗ್ತಾರೆ."

"ಹೋಗೋಣ ಅಂದ್ರೆ? ನೀನೂ ಬರ್ತೀಯಾ?"

ಚುಚ್ಚುಮದ್ದಿಗೆ ಬಂದಿದ್ದ ತಾಯಂದಿರಿಗೆ ನಾಳೆ ಬನ್ನಿ ಎಂದು ಹೇಳಿ ಬಾಗಿಲಿಗೆ ಬೀಗ ಹಾಕಿದೆ. ಬೋಗುಣಿಯ ಒಂದು ಕಿವಿ ಅವಳು, ಒಂದು ಕಿವಿ ನಾನು ಹಿಡಿದೆವು. ಆಗಲೇ ಅವಳ ಬಲಗೈ ಹೆಬ್ಬೆರಳಿನ ಬುಡಕ್ಕೆ ಸುತ್ತಿದ್ದ ಬಟ್ಟೆಯನ್ನು ನಾನು ಕಂಡದ್ದು. ರಕ್ತ ಒಣಗಿ ಕಂದಾಗಿತ್ತು.

"ಕಚ್ಚಿತಾ?"

"ಚಿಪ್ಪು ಕೊಯ್ತು."

"ಮನಾಂಗ್!"

"ನೋವು ತಿನ್ನೋರು ಕಚ್ತಾರೆ. ಆ ದೋಣಿ ಕ್ರಿಸಾಂತೋನ ತಾಯಿ ಅವನನ್ನ ಹೆರೋವಾಗ ನನ್ನ ಮೊಣಕೈನ ಹೇಗೆ ಕಚ್ಚಿದ್ಲು ಗೊತ್ತಾ? ನಾನೇನು ಹುಚ್ಚು ಹಿಡಿದು ಸತ್ತೆನಾ?"

ಹಾದಿಯ ನಲ್ಲಿಯ ಹತ್ತಿರ ಬಲವಂತವಾಗಿ ನಿಲ್ಲಿಸಿ, ಸೋಪು ಹಚ್ಚಿ ಗಾಯ ತೊಳೆದೆ. ಹದಿನೈದು ನಿಮಿಷ ತೊಳೆಯಬೇಕು. ಐದು ನಿಮಿಷಕ್ಕೇ ಕೈ ಕಿತ್ತುಕೊಂಡಳು. "ಅದು ಸಾಯ್ತಾ ಇದೆ, ನೀನು ನನ್ನ ಕೈ ತೊಳೀತಾ ಇದ್ದೀಯ."

ದೋಣಿಕಟ್ಟೆಗೆ ಬಂದರೆ ಒಂದು ದೋಣಿಯೂ ಹೊರಟಿರಲಿಲ್ಲ. ಈಶಾನ್ಯದ ಅಮಿಹಾನ್ ಗಾಳಿ ಮೂರು ದಿನದಿಂದ ಬೀಸುತ್ತಿತ್ತು. ಹೊರಗೆ ಕಡಲು ಹೊಲ ಉತ್ತ ಹಾಗೆ ಬೆಳ್ಳಗೆ ಗೀರು ಗೀರಾಗಿ ಕಾಣುತ್ತಿತ್ತು. ಸಣ್ಣ ದೋಣಿಗಳು ಹೊರಡಬಾರದೆಂದು ಕರಾವಳಿ ಕಾವಲಿನವರು ಬೆಳಿಗ್ಗೆಯೇ ಹೇಳಿ ಹೋಗಿದ್ದರಂತೆ. ಕ್ರಿಸಾಂತೋ ತನ್ನ ದೋಣಿ ಮಗುಚದಂತೆ ಪಕ್ಕಕ್ಕೆ ಚಾಚಿ ಕಟ್ಟಿದ ಬಿದಿರ ರೆಕ್ಕೆಗೆ ಹೊಸ ಕಟ್ಟು ಹಾಕುತ್ತಿದ್ದ. ನಲವತ್ತು ದಾಟಿದ ಗಟ್ಟಿ ಆಳು.

ಈ ಕಟ್ಟೆಯ ಕಥೆ ಹೇಳದೆ ಮುಂದಿನದು ತಿಳಿಯುವುದಿಲ್ಲ. ಕಟ್ಟಳೆ ಬರುವ ಹಿಂದಿನ ವರ್ಷ, ಇಂಥದ್ದೇ ಗಾಳಿಯ ದಿನ, ಲೋರ್ನಾ ಎಂಬ ಇಪ್ಪತ್ತೆರಡರ ಹೆಂಗಸಿಗೆ ಕೂಸು ಸಿಕ್ಕಿಕೊಂಡಿತು. ನಾನು ಪಟ್ಟಣದಲ್ಲಿ ಸಭೆಗೆ ಹೋಗಿದ್ದೆ. ಪಾನ್ಯಾಂಗ್ ಎರಡು ಗಂಟೆ ಪ್ರಯತ್ನಪಟ್ಟು, ಇದು ತನ್ನ ಕೈ ಮೀರಿದ್ದೆಂದು ಅರಿತು, ಅವಳನ್ನು ಮಂಚ ಸಮೇತ ಹೊರಿಸಿಕೊಂಡು ಈ ಕಟ್ಟೆಗೆ ತಂದಳು. ಯಾವ ದೋಣಿಯೂ ಹೊರಡಲಿಲ್ಲ. ಲೋರ್ನಾ ಇಲ್ಲೇ, ಈ ಸಿಮೆಂಟಿನ ಮೇಲೆ, ಸಂಜೆಯೊಳಗೆ ತೀರಿಕೊಂಡಳು. ಮರುದಿನ ಬಂದ ನಾನು ವರದಿ ಬರೆದೆ. ಅದರ ಮೇಲೆಯೇ ನಮ್ಮ ಪಟ್ಟಣದವರು ಕಟ್ಟಳೆಯನ್ನು ಇಷ್ಟು ಬಿಗಿ ಮಾಡಿದ್ದು. ಅಂದು ಹೊರಡದ ದೋಣಿಗಳಲ್ಲಿ ಕ್ರಿಸಾಂತೋನದೂ ಒಂದು.

"ಎತ್ತು ಲಂಗರು," ಎಂದಳು ಪಾನ್ಯಾಂಗ್.

ಕ್ರಿಸಾಂತೋ ಬೋಗುಣಿಯೊಳಗೆ ಇಣುಕಿದ. "ಮನಾಂಗ್, ನಾಯಿಗಾ? ಈ ಗಾಳಿಲಿ? ನನ್ನ ಹೆಂಡ್ತಿಗೆ ಗೊತ್ತಾದ್ರೆ ನನ್ನನ್ನೇ ಗೂಟಕ್ಕೆ ಕಟ್ತಾಳೆ."

"ನೀನು ಕಾಲು ಮುಂದೆ ಮಾಡ್ಕೊಂಡು ಬಂದೋನು. ಈ ಕೈಲೇ ಎಳೆದದ್ದು ನಿನ್ನನ್ನ."

"ಪ್ರತಿ ಹಬ್ಬಕ್ಕೂ ಅದನ್ನೇ ಹೇಳ್ತೀರಿ. ಊರಿಗೆಲ್ಲ ಗೊತ್ತು ನಾನು ಕಾಲು ಮುಂದೆ ಬಂದದ್ದು."

ನಗು ಬರಬೇಕಾದ ಮಾತು. ಯಾರೂ ನಗಲಿಲ್ಲ. ಪಾನ್ಯಾಂಗ್ ಬೋಗುಣಿ ಕೆಳಗಿಟ್ಟು ಸಿಮೆಂಟಿನ ಮೇಲೆ ಕೂತಳು. ಅವಳ ದನಿ ಇಳಿದಿತ್ತು. "ಕ್ರಿಸಾಂತೋ, ನಾನು ಇಲ್ಲಿ ಇನ್ನೊಂದು ಸಲ ಕೂತ್ಕೊಳ್ಳಲ್ಲಪ್ಪಾ. ನನ್ನ ಕೈಲಾಗಲ್ಲ. ನೀನು ಬರದಿದ್ರೆ ದೋಣಿ ಕೊಡು, ನಾನೇ ಹೋಗ್ತೀನಿ."

ಅವನು ಕೈಯಲ್ಲಿದ್ದ ಹಗ್ಗವನ್ನು ಸ್ವಲ್ಪ ಹೊತ್ತು ನೋಡಿದ. ಆಮೇಲೆ ನೀರಿಗಿಳಿದು ದೋಣಿಯನ್ನು ತಿರುಗಿಸಿದ.

ನಲವತ್ತು ನಿಮಿಷದ ದಾರಿಗೆ ಎರಡು ಗಂಟೆ ಹಿಡಿಯಿತು. ಒಂದೊಂದು ಅಲೆಗೂ ಬಿದಿರ ರೆಕ್ಕೆ ನೀರೊಳಗೆ ಮುಳುಗಿ ಎದ್ದಾಗ ಕಟ್ಟುಗಳು ಕಿರುಗುಡುತ್ತಿದ್ದವು. ನಾನು ಡಬ್ಬಿಯಿಂದ ನೀರು ಎರಚಿ ಹೊರಹಾಕುತ್ತ, ಬಾಯಿಗೆ ಬಂದ ಪ್ರಾರ್ಥನೆಗಳನ್ನೆಲ್ಲ ಹೇಳಿದೆ. ಪಾನ್ಯಾಂಗ್ ಬೋಗುಣಿಯನ್ನು ಕಾಲುಗಳ ನಡುವೆ ಇಟ್ಟು, ತಾಡಪತ್ರಿ ಹೊದಿಸಿ, ಅದರ ಮೇಲೆ ಬಾಗಿ ಕೂತಿದ್ದಳು. ನೋವು ಬಂದಾಗಲೆಲ್ಲ ಹೆಂಗಸರಿಗೆ ಹೇಳುವ ಹಾಗೆಯೇ ಹೇಳುತ್ತಿದ್ದಳು: "ತಳ್ಳಬೇಡ ಕಣೇ. ಉಸಿರು ಬಿಡು. ಈಗ ಬೇಡ. ಸ್ವಲ್ಪ ತಡ್ಕೋ." ನಡುದಾರಿಯಲ್ಲಿ ಒಮ್ಮೆ ಅವಳು ಸುಮ್ಮನಾದಳು. ನಾನು ತಾಡಪತ್ರಿ ಎತ್ತಿ ನೋಡಿದೆ. ನಾಯಿ ನಾಲಿಗೆ ಹೊರಚಾಚಿ ಮಲಗಿತ್ತು. ನೋವು ನಿಂತುಹೋಗಿತ್ತು. ನೋವು ನಿಲ್ಲುವುದು ಒಳ್ಳೆಯದಲ್ಲ ಎಂದು ನನಗೆ ಅವಳು ಹೇಳಬೇಕಾಗಿರಲಿಲ್ಲ.

ಪಟ್ಟಣ ಮುಟ್ಟಿದಾಗ ಮಧ್ಯಾಹ್ನ ದಾಟಿತ್ತು. ಜನ ಸಾಗಿಸುವ ಜೀಪ್ನಿಯವನು ಬೋಗುಣಿ ನೋಡಿ ಮುಖ ತಿರುಗಿಸಿ ಗಾಡಿ ಬಿಟ್ಟುಕೊಂಡು ಹೋದ. ಸಂತೆಯ ಪಕ್ಕದ ಅಂಗಡಿಯ ಮೇಲೆ ದನ, ಹಂದಿ, ಕೋಳಿ, ನಾಯಿಗಳ ಚಿತ್ರವಿತ್ತು. ಓಡಿದೆವು. ಒಳಗೆ ಹೊಟ್ಟು, ಹಿಂಡಿ, ಹುಳದ ಔಷಧಿ. ಗಲ್ಲಾದ ಮೇಲಿದ್ದ ಹೆಂಗಸು ಎದ್ದು ಬಂದು ನೋಡಿ, "ಅಯ್ಯೋ ದೇವರೇ. ನಾವು ಮೇವು ಮಾರೋರು ಕಣಮ್ಮ. ಆ ಚಿತ್ರ ಕಂಪನಿಯೋರು ಬರೆಸಿದ್ದು," ಎಂದಳು. ಪಾನ್ಯಾಂಗ್ ಬಾಗಿಲ ಕಂಬಕ್ಕೆ ಹಣೆ ಒರಗಿಸಿ ನಿಂತಳು.

"ಯಾರೂ ಇಲ್ವಾ? ಕೊಯ್ಯೋಕೆ ಬರೋರು ಒಬ್ಬರೂ ಇಲ್ವಾ ಈ ಊರಲ್ಲಿ?" ಅಂಗಡಿಯಲ್ಲಿದ್ದ ಗಿರಾಕಿಗಳನ್ನೆಲ್ಲ ಒಬ್ಬೊಬ್ಬರನ್ನಾಗಿ ಕೇಳಿದಳು. ಒಬ್ಬ, ಸತ್ತರೆ ತನಗೆ ಕೊಡಿ, ಹೆಂಡಕ್ಕೆ ನಂಜಿಕೊಳ್ಳಲು ಆಗುತ್ತದೆ ಎಂದು ನಕ್ಕ. ಅವಳು ಅವನನ್ನು ಬೈಯಲೂ ಇಲ್ಲ. ಮುಂದಿನವನನ್ನು ಕೇಳಿದಳು.

ಅಂಗಡಿಯ ಹೆಂಗಸೇ ನೆನಪು ಮಾಡಿಕೊಂಡಳು. ಒಳಗಿನ ಗುಡ್ಡದ ಕಡೆ ಒಬ್ಬ ದೊಡ್ಡಮನುಷ್ಯರ ಕಾಳಗದ ಹುಂಜಗಳ ತೋಟವಿದೆ, ಅಲ್ಲಿ ಡಾಕ್ಟರ್ ಪಲ್ಮಾರೆಸ್ ಇದ್ದಾರೆ. ಹುಂಜಗಳನ್ನು ಮಾತ್ರ ನೋಡುವವರು, ಆದರೂ ಓದಿದ್ದು ಎಲ್ಲ ಪ್ರಾಣಿಗಳ ವೈದ್ಯಕೀಯವೇ ತಾನೇ. ಬಾಡಿಗೆ ಟ್ರೈಸಿಕಲ್‌ನವನೊಬ್ಬನನ್ನು ಅವಳೇ ಕೂಗಿ ಕರೆದಳು. ಅವನು ಬೋಗುಣಿಯನ್ನು ನೋಡಿ, "ಹತ್ತಿಸಿ, ಹತ್ತಿಸಿ. ಹೋದ ವಾರ ಹಂದಿಯೊಂದು ಈ ಗಾಡಿಯಲ್ಲೇ ಹೆತ್ತಿದೆ. ಇದೂ ಹೆರಲಿ," ಎಂದ. ಅವನ ಬಾಯಿಂದ ಆ ಮಾತು ಕೇಳಿ ಪಾನ್ಯಾಂಗಳಿಗೆ ಅಳು ಬಂತು. ಅವಳು ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು.

ತೋಟದ ಗೇಟಿಗೆ ಬಂದಾಗ ನೂರಾರು ಹುಂಜಗಳು ಒಟ್ಟಿಗೆ ಕೂಗುತ್ತಿದ್ದವು. ಕಾವಲುಗಾರ ಕೈ ಅಡ್ಡ ಹಿಡಿದ. "ಒಳಗೆ ನಾಯಿ, ಬೆಕ್ಕು, ಹೊರಗಿನ ಕೋಳಿ ಯಾವುದೂ ಬರೋ ಹಾಗಿಲ್ಲ. ರೋಗ ತಗುಲಿದ್ರೆ ನನ್ನ ಕೆಲಸ ಹೋಗುತ್ತೆ."

"ಒಳಗೆ ಬೇಡಪ್ಪಾ, ಡಾಕ್ಟರನ್ನ ಹೊರಗೆ ಕರಿ."

"ಅವ್ರು ಊಟಕ್ಕೆ ಕೂತಿದಾರೆ."

ಪಾನ್ಯಾಂಗ್ ಗೇಟಿನ ಸರಳುಗಳನ್ನು ಎರಡೂ ಕೈಯಲ್ಲಿ ಹಿಡಿದು, ಹುಂಜಗಳ ಗದ್ದಲವನ್ನು ಮೀರಿ ಕೂಗಿದಳು. ಹೆಸರಿಲ್ಲ, ಮಾತಿಲ್ಲ, ಬರೀ "ಡಾಕ್ಟರೇ, ಡಾಕ್ಟರೇ" ಎಂದು. ಅಷ್ಟು ಸಣ್ಣ ಮೈಯಲ್ಲಿ ಅಂಥ ದನಿ ಇದೆಯೆಂದು ನನಗೆ ಗೊತ್ತಿರಲಿಲ್ಲ. ಕಾವಲುಗಾರ ಹೆದರಿ ಒಳಗೆ ಓಡಿದ.

ರಬ್ಬರ್ ಬೂಟು ಹಾಕಿದ್ದ ಡಾಕ್ಟರ್ ಪಲ್ಮಾರೆಸ್ ಕೈಯಲ್ಲಿ ಅನ್ನ ಅಂಟಿಕೊಂಡಿರುವಾಗಲೇ ಬಂದರು. ಬಾಗಿ ನಾಯಿಯ ಹೊಟ್ಟೆ ಮುಟ್ಟಿದರು, ಕಣ್ಣಿನ ರೆಪ್ಪೆ ಎಳೆದು ನೋಡಿದರು.

"ಅಮ್ಮಾ, ಇಲ್ಲಿ ಕಾವಲು ನಾಯಿಗಳ ಬೀಜ ತೆಗೆದಿದ್ದೀನಿ, ಗಾಯ ಹೊಲಿದಿದ್ದೀನಿ. ಹೆಣ್ಣುನಾಯಿ ಹೊಟ್ಟೆ ಕೊಯ್ದು ಎಷ್ಟೋ ವರ್ಷ ಆಯ್ತು. ಇದು ಮೇಜಿನ ಮೇಲೇ ಹೋಗಬಹುದು."

"ಬೋಗುಣಿಯಲ್ಲಿ ಹೇಗೂ ಹೋಗುತ್ತೆ," ಎಂದಳು ಪಾನ್ಯಾಂಗ್.

ಅವರು ಒಂದು ಗಳಿಗೆ ಅವಳ ಮುಖ ನೋಡಿದರು. "ಯಾರ ನಾಯಿ ಇದು? ಹುಚ್ಚಿನ ಸೂಜಿ ಆಗಿದ್ಯಾ? ಯಾರಿಗಾದ್ರೂ ಕಚ್ಚಿದ್ಯಾ?"

"ನಂದೇ. ಕಚ್ಚಿಲ್ಲ." ಬಲಗೈಯನ್ನು ಲಂಗದ ಮಡಿಕೆಯೊಳಗೆ ಸೇರಿಸಿದಳು.

ಹೇಳಿದರೆ ಅವರು ಮುಟ್ಟದೇ ಇರಬಹುದು. ಹೇಳದಿದ್ದರೆ ಅವರ ಕೈಯೂ ಆ ಹಲ್ಲುಗಳ ಹತ್ತಿರ ಹೋಗುತ್ತದೆ. "ಕಚ್ಚಿದೆ ಡಾಕ್ಟರೇ," ಎಂದೆ. "ನಿನ್ನೆ ರಾತ್ರಿ. ಇವರ ಕೈಗೆ. ನಾಯಿ ಎಲ್ಲಿಯದೋ ಗೊತ್ತಿಲ್ಲ, ಸಿಕ್ಕಿ ಎರಡು ದಿನ ಆಯ್ತು."

ಪಾನ್ಯಾಂಗ್ ನನ್ನ ಕಡೆ ತಿರುಗಿದಳು. ಕಟ್ಟಳೆಯ ಕಾಗದ ಓದಿ ಮುಗಿಸಿದ ದಿನ ನೋಡಿದ್ದ ಹಾಗೆಯೇ ನೋಡಿದಳು. "ಮತ್ತೆ ನೀನೇ," ಎಂದಳು, ಮೆಲ್ಲಗೆ.

ಡಾಕ್ಟರ್ ಎದ್ದು ನಿಂತರು. ನಾನು ಅವರ ಬೂಟುಗಳನ್ನೇ ನೋಡುತ್ತಿದ್ದೆ. ಅವು ಯಾವ ಕಡೆ ತಿರುಗುತ್ತವೋ ಎಂದು.

"ನೀರು ಕುಡೀತಾ ನಿನ್ನೆ?"

"ಗಂಜಿ ಕುಡೀತು. ನೀರೂ ಕುಡೀತು. ನನ್ನ ಕಾಲು ನೆಕ್ತು," ಎಂದಳು ಪಾನ್ಯಾಂಗ್, ಒಂದೇ ಉಸಿರಿಗೆ.

"ಹ್ಞೂಂ. ಹುಚ್ಚಿನ ಲಕ್ಷಣ ಕಾಣ್ತಿಲ್ಲ. ಎರಡೆರಡು ಗ್ಲೌಸ್ ಹಾಕ್ಕೊಳ್ಳೋಣ. ಬಾಯಿ ಕಟ್ಟೋಣ. ನೀವು ದಾದಿಯಾ? ಹಾಗಾದ್ರೆ ನಿಂತ್ಕೊಳ್ಳಿ ನನ್ನ ಜೊತೆ. ಏಯ್, ನಿನ್ನ ಮೇಜು ಖಾಲಿ ಮಾಡೋ."

ಕಾವಲುಗಾರ ಗೇಟಿನ ಹೊರಗೆ, ತನ್ನ ಗುಡಿಸಲ ಮುಂದೆ ಊಟಕ್ಕೆ ಇಟ್ಟುಕೊಂಡಿದ್ದ ಬಿದಿರು ಮೇಜನ್ನು ತೊಳೆದ. ಅವನ ಅನ್ನದ ಪಾತ್ರೆಯಲ್ಲೇ ನೀರು ಕುದಿಯಿತು. ಡಾಕ್ಟರ್ ಅರಿವಳಿಕೆ ಕೊಟ್ಟು, ಹೊಟ್ಟೆಯ ಕೂದಲು ಹೆರೆದು, ಬ್ಲೇಡು ಇಟ್ಟರು.

ಗರ್ಭಕೋಶ ಕಪ್ಪುಗಟ್ಟಿತ್ತು. ಅದನ್ನು ಉಳಿಸುವ ಮಾತೇ ಇರಲಿಲ್ಲ. ಪೂರ್ತಿ ಕಟ್ಟಿ, ಕತ್ತರಿಸಿ, ಹೊರಗೆ ತೆಗೆದು ಮರಿಗಳನ್ನು ಬಿಡಿಸಿದರು. ನಾಲ್ಕು. ಅಡ್ಡ ಸಿಕ್ಕಿಕೊಂಡಿದ್ದದ್ದು ಯಾವಾಗಲೋ ಸತ್ತು ಊದಿಕೊಂಡಿತ್ತು. ಅದರ ಹಿಂದಿನ ಎರಡೂ ಬದುಕಿರಲಿಲ್ಲ. ನಾಲ್ಕನೆಯದನ್ನು ಅವರು ನೋಡಿ, ತಲೆಯಾಡಿಸಿ, ಪಕ್ಕಕ್ಕಿಟ್ಟರು. ಅಷ್ಟರವರೆಗೆ ನಾಯಿಯ ತಲೆ ಹಿಡಿದುಕೊಂಡು ಕಲ್ಲಿನಂತೆ ನಿಂತಿದ್ದ ಪಾನ್ಯಾಂಗ್ ಕೈ ಚಾಚಿ ಅದನ್ನು ಎತ್ತಿಕೊಂಡಳು. ಮೂಗಿಗೆ ಬಾಯಿಟ್ಟು ಲೋಳೆ ಎಳೆದು ಉಗುಳಿದಳು. ಲಂಗದ ಅಂಚಿನಿಂದ ಬೆನ್ನು ಉಜ್ಜಿದಳು. ಮತ್ತೆ ಎಳೆದಳು, ಮತ್ತೆ ಉಜ್ಜಿದಳು. ನಾನು ನಾಯಿಯ ಹೊಟ್ಟೆಯೊಳಗಿನ ರಕ್ತ ಒರೆಸುತ್ತಿದ್ದೆ. ತಿರುಗಿ ನೋಡಲು ಆಗುತ್ತಿರಲಿಲ್ಲ. ಹೊಲಿಗೆ ಅರ್ಧವಾದಾಗ ಇಲಿಮರಿಯ ಕಿಚಕಿಚ ಸದ್ದು ಕೇಳಿಸಿತು.

"ಬಂತಾ?" ಡಾಕ್ಟರ್ ಕೇಳಿದರು, ತಲೆ ಎತ್ತದೆ.

"ಬಂತು," ಎಂದಳು.

ನಾಯಿ ಉಸಿರಾಡುತ್ತಿತ್ತು. ಕೊನೆಯ ಗಂಟು ಹಾಕಿ, ಡಾಕ್ಟರ್ ಪಕ್ಕದ ಕಲ್ಲಿನ ಮೇಲೆ ಕೂತರು. ಆಮೇಲೆ ಔಷಧಿ ಬರೆದು ಕೊಟ್ಟು, "ನಾಳೆ ಬೆಳಿಗ್ಗೆ ಬದುಕಿದ್ರೆ ಬದುಕ್ತು. ಹತ್ತು ದಿನಕ್ಕೆ ಹೊಲಿಗೆ ಬಿಚ್ಚಬೇಕು, ನೀವೇ ಬಿಚ್ಚಬಹುದು. ಅಮ್ಮಾ, ನೀವು ನಾಳೆನೇ ಆ ಕೈಗೆ ಸೂಜಿ ಹಾಕಿಸ್ಕೊಳ್ಳಿ. ನಾಯಿ ಮೇಲೂ ಕಣ್ಣಿಟ್ಟಿರಿ," ಎಂದರು. ಸತ್ತ ಮರಿಗಳನ್ನು ಕಾವಲುಗಾರ ಬಾಳೆಯ ಬುಡದಲ್ಲಿ ಹೂತ.

ಬದುಕಿದ್ದ ಮರಿಯನ್ನು ಪಾನ್ಯಾಂಗ್ ಎದೆಯ ನಡುವೆ ಇಟ್ಟುಕೊಂಡಳು. ಆ ಗಾಳಿಯಲ್ಲಿ ಅಂದೇ ಮರಳುವ ಹಾಗಿರಲಿಲ್ಲ. ಕ್ರಿಸಾಂತೋನ ಚಿಕ್ಕಮ್ಮನ ಮನೆ ಪಟ್ಟಣದ ದೋಣಿಕಟ್ಟೆಯ ಹತ್ತಿರವೇ ಇತ್ತು, ಅಲ್ಲಿಗೆ ಹೋದೆವು. ದಾರಿಯಲ್ಲಿ ಎರಡು ಸಲ ಮರಿ ಬಾಯಿ ಆಡಿಸಿತು. ಬೆರಳಿಗೆ ಹಾಲು ಅದ್ದಿ ಇಟ್ಟರೆ ಚೀಪಲಿಲ್ಲ. ಆ ಮನೆಯವರು ಗಂಜಿ, ಮೀನಿನ ಸಾರು ಬಡಿಸಿ ಕರೆದಾಗ ಪಾನ್ಯಾಂಗ್ ಎದೆಯಿಂದ ಕೈ ತೆಗೆದು ಮರಿಯನ್ನು ಮಡಿಲಲ್ಲಿಟ್ಟು ನೋಡಿದಳು. ಅದು ತಣ್ಣಗಾಗಿತ್ತು. ಯಾವಾಗ ಹೋಯಿತೋ.

ಅವಳು ಅಳಲಿಲ್ಲ. "ಇದು ಹೆಣ್ಣಾಗಿತ್ತು," ಎಂದಳಷ್ಟೆ. ಊಟ ಮಾಡಲಿಲ್ಲ. ಬೋಗುಣಿಯ ಪಕ್ಕದಲ್ಲೇ ಮಲಗಿದಳು.

ಬೆಳಿಗ್ಗೆ ನಾಯಿ ತಲೆ ಎತ್ತಿತ್ತು. ನೀರಿಗೆ ನಾಲಿಗೆ ಚಾಚಿತು. ನಾನು ಪಾನ್ಯಾಂಗಳನ್ನು ನಾಯಿಕಡಿತದ ಸೂಜಿಗೆ ಕರೆದುಕೊಂಡು ಹೋದೆ. ಗೊಣಗುತ್ತಲೇ ಬಂದಳು. ಅಲ್ಲಿಯ ದಾದಿ ಸೂಜಿ ಚುಚ್ಚಲು ತಡಕಾಡುವುದನ್ನು ನೋಡಿ, "ಇವಳಿಗಿಂತ ನೀನೇ ವಾಸಿ," ಎಂದಳು. ನಿನ್ನೆಯ ಮಾತು ಅವಳು ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಆ ಹತ್ತು ದಿನ ಸುಲಭವಾಗಿರಲಿಲ್ಲ. ನಾಲ್ಕನೆಯ ದಿನ ನಾಯಿಗೆ ಜ್ವರ ಏರಿತು. ಡಾಕ್ಟರ್ ಪಲ್ಮಾರೆಸ್‌ಗೆ ಫೋನ್ ಮಾಡಿದೆ, ಅವರು ಹೇಳಿದ ಔಷಧಿಯನ್ನು ಕ್ರಿಸಾಂತೋ ಪಟ್ಟಣದಿಂದ ತಂದ. ಹೆಂಡತಿಗೆ ಏನು ಹೇಳಿದನೋ ಗೊತ್ತಿಲ್ಲ. ನಾಯಿ ಹೊಲಿಗೆಯನ್ನು ನೆಕ್ಕದಂತೆ ಪಾನ್ಯಾಂಗ್ ನೀಪಾ ಗರಿಯಿಂದ ಅದರ ಕತ್ತಿಗೆ ಅಗಲವಾದ ಪಟ್ಟಿ ಹೆಣೆದು ಕಟ್ಟಿದಳು. ಪಾನ್ಯಾಂಗ್ ನಾಯಿಗೂ ಮಾಡು ಹೊದಿಸಿದಳು ಎಂದು ಊರವರು ನಕ್ಕರು. ಅದು ಸತ್ತೇಹೋಗುತ್ತದೆಂದು ನನಗೆ ಅನ್ನಿಸಿದ ದಿನಗಳಲ್ಲಿ ಅವಳು ಗಂಜಿಯನ್ನು ಚಮಚದಿಂದ ಕೆನ್ನೆಯೊಳಗೆ ಸುರಿದು, ಗಂಟಲು ನೀವಿ ಇಳಿಸುತ್ತಿದ್ದಳು.

ಹೊಲಿಗೆ ಬಿಚ್ಚಲು ನಾನೇ ಅವಳ ಮನೆಗೆ ಹೋದೆ. ಅವಳು ತಲೆ ಹಿಡಿದುಕೊಂಡಳು, ನಾನು ಒಂದೊಂದೇ ದಾರ ಕತ್ತರಿಸಿ ಎಳೆಯುತ್ತಿದ್ದೆ.

"ಲೋರ್ನಾ ಸತ್ತಾಗ ಆ ಕಾಗದದಲ್ಲಿ ಏನು ಬರೆದಿದ್ದೆ?" ಇದ್ದಕ್ಕಿದ್ದಂತೆ ಕೇಳಿದಳು.

ಕತ್ತರಿ ಕೈಯಲ್ಲೇ ನಿಂತಿತು. "ಸೂಲಗಿತ್ತಿಯೇ ಮನೆಯಲ್ಲಿ ಹೆರಿಗೆ ಮಾಡಿಸಲು ಹೋಗಿ ತಡವಾಯಿತು ಅಂತ ಬರೆದೆ."

"ಗಾಳಿ ಇತ್ತು ಅಂತ ಬರೀಲಿಲ್ವಾ?"

"ಇಲ್ಲ."

"ದೋಣಿ ಸಿಗಲಿಲ್ಲ ಅಂತ?"

"ಇಲ್ಲ. ನಾನೂ ಇರಲಿಲ್ಲ ಅಂತಲೂ ಬರೀಲಿಲ್ಲ."

ಅವಳು ಬಹಳ ಹೊತ್ತು ನಾಯಿಯ ಕಿವಿಯನ್ನು ಬೆರಳಲ್ಲಿ ಮಡಚುತ್ತ, ಬಿಡಿಸುತ್ತ ಕೂತಳು. ಕ್ಷಮಿಸಿದೆ ಎಂದು ಅವಳು ಹೇಳಲಿಲ್ಲ. ಕೇಳುವ ಧೈರ್ಯ ನನಗೂ ಇರಲಿಲ್ಲ. "ಇನ್ನೂ ಮೂರು ದಾರ ಇದೆ," ಎಂದಳು. "ಬೇಗ ತೆಗಿ. ಇದಕ್ಕೆ ಹಸಿವಾಗಿದೆ."

ಆ ವಾರವೇ ನಾನು ಪಟ್ಟಣದ ಕಚೇರಿಗೆ ಇನ್ನೊಂದು ವರದಿ ಬರೆದೆ. ಗಾಳಿ, ದೋಣಿ, ನನ್ನ ಸಭೆ, ಎಲ್ಲ ಬರೆದೆ. ಹೆರಿಗೆಯ ಹೊತ್ತಿನಲ್ಲಿ ಆರೋಗ್ಯ ಕೇಂದ್ರದಲ್ಲಿ ಎಪಿಫಾನಿಯಾ ಗಲ್ಲೆಗೋ ಅವರನ್ನು ನನ್ನ ಜೊತೆ ಇರಲು ಬಿಡಬೇಕೆಂದೂ ಕೇಳಿದೆ. ಇವತ್ತಿಗೆ ಏಳು ತಿಂಗಳಾಯಿತು, ಉತ್ತರ ಬಂದಿಲ್ಲ. ಪಾನ್ಯಾಂಗಳಿಗೆ ನಾನು ಇದನ್ನು ಹೇಳಿಲ್ಲ. ಆದರೆ ಯಾರಿಗಾದರೂ ನೋವು ಶುರುವಾದರೆ ಅವಳು ಬಂದು ಕೇಂದ್ರದ ಹೊರಗಿನ ಬೆಂಚಿನ ಮೇಲೆ ಕೂರುತ್ತಾಳೆ. ನಾನು ಬಾಗಿಲು ತೆರೆದಿಟ್ಟಿರುತ್ತೇನೆ. ಹೋದ ತಿಂಗಳು ಒಂದು ಹುಡುಗಿ ಹೆದರಿ ಕಿರುಚಾಡಿದಾಗ ಎದ್ದು ಒಳಗೆ ಬಂದು, ಅವಳ ಸೊಂಟ ನೀವಿ, ಮತ್ತೆ ಬೆಂಚಿಗೆ ಹೋಗಿ ಕೂತಳು.

ನಾಯಿ ಈಗ ದಪ್ಪಗಾಗಿದೆ, ಮೀನು ಕದಿಯುತ್ತದೆ. ಅದಕ್ಕೆ ಇನ್ನೂ ಹೆಸರಿಟ್ಟಿಲ್ಲ. "ಏಯ್" ಎಂದರೆ ಬರುತ್ತದೆ. ದಡದಲ್ಲಿ ದೋಣಿಯ ಮೋಟಾರು ಕೇಳಿದರೆ ಮಾತ್ರ ಮನೆಯ ಕೆಳಗೆ ನುಸುಳಿ, ಸದ್ದು ಪೂರ್ತಿ ನಿಲ್ಲುವವರೆಗೆ ಯಾರು ಕರೆದರೂ ಹೊರಗೆ ಬರುವುದಿಲ್ಲ.